ಜಾರ್ಜ್ ಮಿಲ್ಲರ್ ಮತ್ತು ನೆನಪಿನ ಗಂಟುಗಳು

ಈ ಅಂಕಿಗಳನ್ನು ಯಾರಿಂದಾದರೂ ಒಂದೊಂದಾಗಿ, ಒಂದೇ ವೇಗದಲ್ಲಿ ಓದಿಸಿ ಕೇಳಿ: 1, 9, 4, 7, 1, 9, 5, 6, 1, 9, 7, 3. ಓದಿ ಮುಗಿದ ಕೂಡಲೇ ಅದೇ ಕ್ರಮದಲ್ಲಿ ತಿರುಗಿ ಹೇಳಬೇಕು. ಸುಮ್ನೆ ಅಂಕಿಗಳೆಂದು ಕೇಳಿಸಿಕೊಂಡವರು ಆರೋ ಏಳೋ ಹೇಳಿ ತಡವರಿಸುತ್ತಾರೆ. ಕನ್ನಡ ನಾಡಿನ ಚರಿತ್ರೆ ಸ್ವಲ್ಪ ಗೊತ್ತಿರುವವರಿಗೆ ನಡುವೆ ಎಲ್ಲೋ ಹೊಳೆದುಬಿಡುತ್ತದೆ. 1947, ಸ್ವಾತಂತ್ರ್ಯ ಬಂದ ವರ್ಷ. 1956, ಕನ್ನಡದ ಪ್ರದೇಶಗಳು ಒಂದಾದ ವರ್ಷ. 1973, ಮೈಸೂರು ರಾಜ್ಯ ಕರ್ನಾಟಕವಾದ ವರ್ಷ. ಹಾಗೆ ಹೊಳೆದ ಮೇಲೆ ಹನ್ನೆರಡು ಅಂಕಿ ಹೇಳುವುದು ಕಷ್ಟವೇ ಅಲ್ಲ. ನಾಳೆ ಕೇಳಿದರೂ ಹೇಳಬಹುದು.

ಇಬ್ಬರ ಕಿವಿಗೂ ಬಿದ್ದದ್ದು ಅವೇ ಅಂಕಿಗಳು. ವ್ಯತ್ಯಾಸ ಇದ್ದದ್ದು ತಲೆಯಲ್ಲಿ ಮೊದಲೇ ಕೂತಿದ್ದ ತಿಳಿವಳಿಕೆಯಲ್ಲಿ. ಇದನ್ನು ಅಳತೆ ಸಮೇತ, ಎಲ್ಲರಿಗೂ ಒಪ್ಪಿಗೆಯಾಗುವ ಹಾಗೆ ವಿವರಿಸಿದವರು ಅಮೆರಿಕದ ಮನೋವಿಜ್ಞಾನಿ ಜಾರ್ಜ್ ಆರ್ಮಿಟೇಜ್ ಮಿಲ್ಲರ್. ಆ ಲೇಖನ ಅಚ್ಚಾದದ್ದೂ 1956ರಲ್ಲೇ.

ಮಿಲ್ಲರ್ ಹೆಸರು ಕೇಳಿದವರಿಗೆ ಸಾಮಾನ್ಯವಾಗಿ ನೆನಪಾಗುವುದು 'ಏಳು' ಎಂಬ ಸಂಖ್ಯೆ. ಮನುಷ್ಯ ಒಂದು ಹೊತ್ತಿಗೆ ಏಳು ಸಂಗತಿಗಳನ್ನು ಮಾತ್ರ ನೆನಪಿನಲ್ಲಿ ಹಿಡಿಯಬಲ್ಲ ಅನ್ನುವ ಮಾತು ಪಠ್ಯಪುಸ್ತಕಗಳಲ್ಲಿದೆ, ಆಫೀಸಿನ ತರಬೇತಿಗಳಲ್ಲಿದೆ, ಮೊಬೈಲ್ ಆ್ಯಪ್ ವಿನ್ಯಾಸ ಮಾಡುವವರ ಬಾಯಲ್ಲೂ ಇದೆ. ಆದರೆ ಆ ಲೇಖನದಲ್ಲಿ ಏಳಕ್ಕಿಂತ ದೊಡ್ಡ ವಿಚಾರ ಇನ್ನೊಂದಿತ್ತು. ಮಿಲ್ಲರ್ ತಮ್ಮ ಬದುಕಿನ ಉಳಿದ ಭಾಗವನ್ನೆಲ್ಲ ಹೆಚ್ಚು ಕಡಿಮೆ ಅದರ ಹಿಂದೆಯೇ ಕಳೆದರು ಎಂದು ನನಗನ್ನಿಸುತ್ತದೆ.

ಅವರು ಹುಟ್ಟಿದ್ದು 1920ರ ಫೆಬ್ರವರಿ 3ರಂದು, ವೆಸ್ಟ್ ವರ್ಜೀನಿಯಾದ ಚಾರ್ಲ್ಸ್‌ಟನ್ ಊರಿನಲ್ಲಿ. ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಓದಿದ್ದು ಇತಿಹಾಸ ಮತ್ತು ವಾಕ್‌ಶಾಸ್ತ್ರ, ಅಂದರೆ ಮಾತನಾಡುವಿಕೆಯ ಅಧ್ಯಯನ. ಮನೋವಿಜ್ಞಾನದ ಕಡೆ ಅವರನ್ನು ಸೆಳೆದವರು ಅಲ್ಲಿನ ಪ್ರಾಧ್ಯಾಪಕ ಡೊನಾಲ್ಡ್ ರ‍್ಯಾಮ್ಸ್‌ಡೆಲ್. ಎರಡನೇ ಮಹಾಯುದ್ಧದ ನಡುವೆ ಮಿಲ್ಲರ್ ಹಾರ್ವರ್ಡ್‌ಗೆ ಹೋದರು. ಅಲ್ಲಿನ ಧ್ವನಿ ಪ್ರಯೋಗಾಲಯದಲ್ಲಿ ಅವರಿಗೆ ಸಿಕ್ಕಿದ್ದು ಸೇನೆಯ ಕೆಲಸ. ಶತ್ರುಗಳ ರೇಡಿಯೊ ಮಾತುಕತೆ ಅರ್ಥವಾಗದಂತೆ ಮಾಡಲು ಎಂಥ ಗದ್ದಲ ಬೇಕು ಅನ್ನುವುದೇ ಪ್ರಶ್ನೆ. 1946ರಲ್ಲಿ ಬಂದ ಅವರ ಪಿಎಚ್‌ಡಿ ಪ್ರಬಂಧವೂ ಇದೇ ವಿಷಯದ್ದು. ಸೇನೆ ಅದನ್ನು ರಹಸ್ಯ ದಾಖಲೆ ಎಂದು ಮುಚ್ಚಿಟ್ಟಿತು.

ಗದ್ದಲದ ಲೆಕ್ಕಾಚಾರಕ್ಕೂ ಮನಸ್ಸಿನ ಅಧ್ಯಯನಕ್ಕೂ ಏನು ಸಂಬಂಧ ಅನ್ನಿಸಬಹುದು. ಸಂಬಂಧ ತುಂಬಾ ಹತ್ತಿರದ್ದು. 1951ರಲ್ಲಿ ಮಿಲ್ಲರ್ ಮತ್ತು ಇಬ್ಬರು ಸಹೋದ್ಯೋಗಿಗಳು ಪ್ರಕಟಿಸಿದ ಪ್ರಯೋಗವನ್ನೇ ನೋಡಿ. ಗದ್ದಲದ ನಡುವೆ ಒಂದು ಪದವನ್ನು ಕೇಳಿಸುತ್ತಾರೆ. ಬರಬಹುದಾದ ಪದಗಳು ಎರಡೇ ಎಂದು ಮೊದಲೇ ಗೊತ್ತಿದ್ದರೆ, ಗದ್ದಲ ಸಾಕಷ್ಟು ಇದ್ದರೂ ಪದ ಯಾವುದೆಂದು ಹೇಳಬಹುದು. ಬರಬಹುದಾದವು 256 ಪದಗಳಾಗಿದ್ದರೆ, ಅಷ್ಟೇ ಗದ್ದಲದಲ್ಲಿ ಅದೇ ಪದ ಕೇಳಿಸುವುದಿಲ್ಲ. ಪದವನ್ನು ಬಿಡಿಯಾಗಿ ಹೇಳುವುದಕ್ಕಿಂತ ವಾಕ್ಯದ ಒಳಗೆ ಹೇಳಿದರೆ ಚೆನ್ನಾಗಿ ಕೇಳಿಸುತ್ತದೆ. ಧ್ವನಿ ಬದಲಾಗಿಲ್ಲ, ಗದ್ದಲವೂ ಬದಲಾಗಿಲ್ಲ. ಹಾಗಾದರೆ ಕೇಳುವುದು ಕಿವಿಯ ಕೆಲಸ ಮಾತ್ರ ಆಗಿರಲು ಸಾಧ್ಯವಿಲ್ಲ. 'ಏನೇನು ಹೇಳಬಹುದಿತ್ತು' ಅನ್ನುವ ಅಂದಾಜು ಕೇಳುವವರ ಒಳಗೆ ಕೆಲಸ ಮಾಡುತ್ತಿರಬೇಕು.

ಆ ಕಾಲದ ಅಮೆರಿಕದಲ್ಲಿ 'ಒಳಗೆ' ಅನ್ನುವ ಮಾತೇ ಕಷ್ಟದ್ದು. 1913ರಲ್ಲಿ ಜಾನ್ ವಾಟ್ಸನ್ ಶುರುಮಾಡಿದ ವರ್ತನಾವಾದ ಅಲ್ಲಿನ ಮನೋವಿಜ್ಞಾನವನ್ನು ಪೂರ್ತಿ ಆಳುತ್ತಿತ್ತು. ಹೊರಗಿನಿಂದ ಏನು ಬಂತು, ಅದಕ್ಕೆ ಪ್ರಾಣಿಯೋ ಮನುಷ್ಯನೋ ಏನು ಮಾಡಿದರು, ಇವೆರಡನ್ನು ಅಳೆಯಬಹುದು. ನಡುವೆ ಮನಸ್ಸಿನಲ್ಲಿ ಏನಾಯಿತು ಅನ್ನುವುದು ಕಾಣದ್ದು, ಹಾಗಾಗಿ ವಿಜ್ಞಾನದ ವಿಷಯವಲ್ಲ. ಇದು ವರ್ತನಾವಾದಿಗಳ ನಿಲುವು. ನೆನಪು, ಯೋಚನೆ, ಅರ್ಥ ಮುಂತಾದ ಮಾತುಗಳನ್ನು ಪ್ರಬಂಧದಲ್ಲಿ ಬರೆಯಲು ಸಂಶೋಧಕರು ಹಿಂಜರಿಯುತ್ತಿದ್ದರು. ಈ ವಾದದ ದೊಡ್ಡ ಹೆಸರಾದ ಬಿ. ಎಫ್. ಸ್ಕಿನ್ನರ್ ಹಾರ್ವರ್ಡ್‌ನಲ್ಲೇ ಇದ್ದರು. ಮಿಲ್ಲರ್ ಕೂಡ ಮೊದಲು ಇದೇ ಸಾಲಿನಲ್ಲಿ ನಿಂತವರು. ಭಾಷೆ ಮತ್ತು ಸಂವಹನದ ಬಗ್ಗೆ 1951ರಲ್ಲಿ ಬರೆದ ಮೊದಲ ಪುಸ್ತಕದಲ್ಲಿ ತಮ್ಮ ಒಲವು ವರ್ತನಾವಾದದ ಕಡೆಗೆ ಎಂದು ಮುನ್ನುಡಿಯಲ್ಲೇ ಹೇಳಿಕೊಂಡಿದ್ದರು.

ಅವರಿಗೆ ದಾರಿ ತೋರಿಸಿದ್ದು ಟೆಲಿಫೋನ್ ಎಂಜಿನಿಯರಿಂಗ್. ಬೆಲ್ ಪ್ರಯೋಗಾಲಯದ ಕ್ಲಾಡ್ ಶ್ಯಾನನ್ 1948ರಲ್ಲಿ ಮಾಹಿತಿಯನ್ನು ಅಳೆಯುವ ವಿಧಾನವೊಂದನ್ನು ಪ್ರಕಟಿಸಿದರು. ಇದು ಅರ್ಥವಾದರೆ ಮುಂದಿನದ್ದೆಲ್ಲ ಸಲೀಸು, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಒಂದು ಸುದ್ದಿ ಬಂದಾಗ ಸಾಧ್ಯತೆಗಳ ಸಂಖ್ಯೆ ಅರ್ಧಕ್ಕೆ ಇಳಿದರೆ, ಆ ಸುದ್ದಿಯಲ್ಲಿ ಒಂದು ಬಿಟ್ ಮಾಹಿತಿ ಇದೆ ಎಂದು ಲೆಕ್ಕ. ನಾಣ್ಯ ಚಿಮ್ಮಿದರೆ ಎರಡು ಸಾಧ್ಯತೆ. ಯಾವುದು ಬಿತ್ತೆಂದು ಹೇಳಿದರೆ ಒಂದು ಬಿಟ್. ಎಂಟು ಸಾಧ್ಯತೆ ಇದ್ದು ಅದರಲ್ಲಿ ಒಂದನ್ನು ಗುರುತಿಸಿದರೆ ಮೂರು ಬಿಟ್, ಏಕೆಂದರೆ ಎಂಟನ್ನು ಮೂರು ಸಲ ಅರ್ಧ ಮಾಡಿದರೆ ಒಂದು ಉಳಿಯುತ್ತದೆ. ಸೊನ್ನೆಯಿಂದ ಒಂಬತ್ತರವರೆಗಿನ ಒಂದು ಅಂಕಿ ಎಂದರೆ ಸುಮಾರು 3.3 ಬಿಟ್. ಸಾವಿರ ಪದಗಳ ಪಟ್ಟಿಯಿಂದ ಆರಿಸಿದ ಒಂದು ಪದ ಎಂದರೆ ಸುಮಾರು 10 ಬಿಟ್. ತಂತಿಯಲ್ಲಿ ಏನು ಹರಿಯುತ್ತಿದೆ, ಅದರ ಅರ್ಥವೇನು ಎಂಬ ಗೊಡವೆ ಶ್ಯಾನನ್‌ಗೆ ಬೇಕಿರಲಿಲ್ಲ. ತಂತಿಗೆ ಒಂದು ಗರಿಷ್ಠ ಸಾಮರ್ಥ್ಯ ಇದೆ, ಅದನ್ನು ಬಿಟ್‌ಗಳಲ್ಲಿ ಹೇಳಬಹುದು, ಅಷ್ಟೇ.

ಮನುಷ್ಯನೂ ಮಾಹಿತಿ ಹಾದುಹೋಗುವ ಒಂದು ಮಾರ್ಗವೇ ಅಲ್ವಾ? ಹಾಗಿದ್ದರೆ ಅವನ ಸಾಮರ್ಥ್ಯ ಎಷ್ಟು ಬಿಟ್? ಮಿಲ್ಲರ್ ಹಿಡಿದದ್ದು ಈ ಪ್ರಶ್ನೆಯನ್ನು.

1955ರ ಏಪ್ರಿಲ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ನಡೆದ ಮನೋವಿಜ್ಞಾನಿಗಳ ಸಭೆಯಲ್ಲಿ ಅವರು ಒಂದು ಗಂಟೆಯ ಉಪನ್ಯಾಸ ಕೊಡಬೇಕಿತ್ತು. ಕೈಯಲ್ಲಿ ಎರಡು ಬೇರೆ ಬೇರೆ ಸಂಶೋಧನೆಗಳ ಫಲಿತಾಂಶಗಳಿದ್ದವು. ಎರಡಕ್ಕೂ ಸಮಾನವಾಗಿ ಕಂಡದ್ದು ಏಳರ ಆಸುಪಾಸಿನ ಸಂಖ್ಯೆ. ಅದನ್ನೇ ದಾರವಾಗಿ ಮಾಡಿಕೊಂಡು ಪೋಣಿಸಿದರು. ಒಂದು ಪೂರ್ಣಾಂಕ ನನ್ನನ್ನು ಬೆನ್ನು ಹತ್ತಿ ಕಾಡುತ್ತಿದೆ ಎಂದು ಶುರುವಾಗುವ ಆ ಉಪನ್ಯಾಸ ಮರುವರ್ಷ 'ಸೈಕಲಾಜಿಕಲ್ ರಿವ್ಯೂ' ಪತ್ರಿಕೆಯಲ್ಲಿ ಬಂತು. ಮನೋವಿಜ್ಞಾನದಲ್ಲಿ ಅತಿ ಹೆಚ್ಚು ಉಲ್ಲೇಖವಾದ ಲೇಖನಗಳಲ್ಲಿ ಅದೂ ಒಂದು.

ಮೊದಲ ಫಲಿತಾಂಶ ಗುರುತಿಸುವ ಶಕ್ತಿಯದ್ದು. ಬೇರೆ ಬೇರೆ ಎತ್ತರದ ಸ್ವರಗಳಿಗೆ ಒಂದು, ಎರಡು, ಮೂರು ಎಂದು ಹೆಸರಿಟ್ಟು, ಒಂದೊಂದನ್ನೇ ಕೇಳಿಸಿ ಇದು ಎಷ್ಟನೆಯದು ಎಂದು ಕೇಳುತ್ತಾರೆ. ಎರಡು ಮೂರು ಸ್ವರಗಳಿದ್ದರೆ ಯಾರೂ ತಪ್ಪುವುದಿಲ್ಲ. ಐದಾರು ದಾಟಿದ ಮೇಲೆ ತಪ್ಪುಗಳು ಶುರು. ಸ್ವರಗಳನ್ನು ಇನ್ನೂ ಜಾಸ್ತಿ ಮಾಡಿದರೆ ತಪ್ಪುಗಳು ಜಾಸ್ತಿಯಾಗುತ್ತವೆಯೇ ಹೊರತು ದಾಟಿಸಿದ ಮಾಹಿತಿ ಸುಮಾರು 2.5 ಬಿಟ್‌ಗೆ ನಿಂತುಬಿಡುತ್ತದೆ. ಅಂದರೆ ಹೆಚ್ಚು ಕಡಿಮೆ ಆರು ಸ್ವರ. ಸದ್ದಿನ ಜೋರು 2.3 ಬಿಟ್. ಉಪ್ಪಿನ ರುಚಿ 1.9 ಬಿಟ್, ಅಂದರೆ ನಾಲ್ಕೇ ಹಂತ. ಒಂದೇ ಗುಣದ ಮೇಲೆ ಅಳೆದರೆ ನಮ್ಮ ಇಂದ್ರಿಯಗಳ ಸಾಮರ್ಥ್ಯ ಇಷ್ಟು ಸಣ್ಣದು. ಆದರೆ ನಾವು ನೂರಾರು ಮುಖಗಳನ್ನು, ಸಾವಿರಾರು ಪದಗಳನ್ನು ಗುರುತಿಸುತ್ತೇವಲ್ಲ? ಏಕೆಂದರೆ ಅವುಗಳಲ್ಲಿ ಗುಣಗಳು ಹಲವು. ಆರು ಗುಣಗಳನ್ನು ಒಟ್ಟಿಗೆ ಬದಲಾಯಿಸಿದ ಸ್ವರಗಳಲ್ಲಿ ಜನ 7.2 ಬಿಟ್ ದಾಟಿಸಿದರು, ಅಂದರೆ ಸುಮಾರು 150 ಬಗೆಗಳನ್ನು ತಪ್ಪಿಲ್ಲದೆ ಗುರುತಿಸುವಷ್ಟು.

ಎರಡನೆಯದು ತಕ್ಷಣದ ನೆನಪಿನದ್ದು. ಕೇಳಿದ ಅಂಕಿಗಳನ್ನು ಕೂಡಲೇ ಕ್ರಮವಾಗಿ ಹೇಳಿ ಅಂದರೆ ಸಾಮಾನ್ಯರು ಏಳರ ಹತ್ತಿರ ನಿಲ್ಲುತ್ತಾರೆ.

ಎರಡೂ ಕಡೆ ಏಳರ ಆಸುಪಾಸು. ಹಾಗಾದರೆ ಎರಡರ ಹಿಂದೆಯೂ ಒಂದೇ ಮಿತಿ ಇದೆಯೇ? ಲೇಖನದ ತಿರುಳು ಇಲ್ಲಿದೆ, ಮತ್ತು ಉತ್ತರ 'ಇಲ್ಲ'. ಅದನ್ನು ಮಿಲ್ಲರ್ ಸಾಧಿಸಿದ ರೀತಿ ತುಂಬಾ ಸರಳ. ನೆನಪಿನ ಮಿತಿ ಬಿಟ್‌ಗಳಲ್ಲಿ ಇದೆ ಎಂದು ಒಪ್ಪಿಕೊಳ್ಳೋಣ. ಏಳು ಅಂಕಿ, ಒಂದಕ್ಕೆ 3.3 ಬಿಟ್, ಒಟ್ಟು ಸುಮಾರು 23 ಬಿಟ್. ಆ 23 ಬಿಟ್ ಜಾಗದಲ್ಲಿ ತಲಾ 10 ಬಿಟ್‌ನ ಪದಗಳು ಎರಡೇ ಹಿಡಿಯಬೇಕು. ಬರೀ 0 ಮತ್ತು 1 ಇರುವ ಬೈನರಿ ಅಂಕಿಗಳಾದರೆ ತಲಾ ಒಂದು ಬಿಟ್, ಹಾಗಾಗಿ 23 ಹಿಡಿಯಬೇಕು. ಪ್ರಯೋಗದಲ್ಲಿ ಹಾಗಾಗಲಿಲ್ಲ. ಜನ ಪದಗಳನ್ನು ಐದು ನೆನಪಿಟ್ಟರು. ಬೈನರಿ ಅಂಕಿಗಳನ್ನು ಒಂಬತ್ತು ನೆನಪಿಟ್ಟರು. ಒಂದೊಂದರಲ್ಲಿ ಇರುವ ಮಾಹಿತಿ ಹತ್ತು ಪಟ್ಟು ಬದಲಾದರೂ ನೆನಪಿನಲ್ಲಿ ಉಳಿಯುವವುಗಳ ಸಂಖ್ಯೆ ಅಷ್ಟಾಗಿ ಬದಲಾಗುವುದಿಲ್ಲ.

ಅಂದರೆ ನೆನಪು ಎಣಿಸುವುದು ಮಾಹಿತಿಯನ್ನಲ್ಲ. ಅದು ಎಣಿಸುವುದಕ್ಕೆ ಮಿಲ್ಲರ್ 'ಚಂಕ್' ಎಂದು ಹೆಸರಿಟ್ಟರು. ನಾವು ಗಂಟು ಅನ್ನೋಣ. ಕೇಳುವವನು ಒಂದಾಗಿ ಕಟ್ಟಿಕೊಂಡದ್ದು ಒಂದು ಗಂಟು. ಗಂಟುಗಳ ಸಂಖ್ಯೆಗೆ ಮಿತಿ ಇದೆ, ಒಂದು ಗಂಟಿನ ಒಳಗೆ ಎಷ್ಟು ತುಂಬಿದೆ ಅನ್ನುವುದಕ್ಕೆ ಅಂಥ ಮಿತಿ ಇಲ್ಲ. ಮಿಲ್ಲರ್ ಅವರೇ ಒಂದು ಹೋಲಿಕೆ ಕೊಟ್ಟಿದ್ದರು: ಏಳು ನಾಣ್ಯಗಳಷ್ಟೇ ಹಿಡಿಸುವ ಪರ್ಸ್ ಇದೆ ಎಂದುಕೊಳ್ಳಿ. ಒಳಗೆ ಹಾಕಿದ್ದು ಒಂದು ಸೆಂಟಿನ ನಾಣ್ಯವೋ ಬೆಳ್ಳಿಯ ಡಾಲರೋ ಎಂದು ಪರ್ಸ್ ಕೇಳುವುದಿಲ್ಲ.

ಇದನ್ನು ಕಣ್ಣಾರೆ ತೋರಿಸಲು ಅವರು ಬಳಸಿದ ಉದಾಹರಣೆ ಇದು: 101000100111001110. ಹದಿನೆಂಟು ಬೈನರಿ ಅಂಕಿ, ಯಾರಿಗೂ ಒಮ್ಮೆಗೆ ನಿಲ್ಲುವುದಿಲ್ಲ. ಮೂರು ಮೂರಾಗಿ ಒಡೆಯಿರಿ: 101, 000, 100, 111, 001, 110. ಬೈನರಿ ಎಣಿಕೆ ಬಲ್ಲವರಿಗೆ ಇವು 5, 0, 4, 7, 1, 6. ಆರು ಅಂಕಿ, ಆರಾಮಾಗಿ ನೆನಪಿನಲ್ಲಿ ಕೂರುತ್ತವೆ. ಬೇಕಾದಾಗ ಬಿಡಿಸಿದರೆ ಹದಿನೆಂಟೂ ವಾಪಸ್ ಬರುತ್ತವೆ. ಸಿಡ್ನಿ ಸ್ಮಿತ್ ಎಂಬ ಮನೋವಿಜ್ಞಾನಿ ಈ ಪರಿವರ್ತನೆಯನ್ನು ಯೋಚಿಸದೆ ಮಾಡುವಷ್ಟು ರೂಢಿ ಮಾಡಿಕೊಂಡರು. ಐದೈದು ಅಂಕಿಗಳ ಗಂಟು ಕಟ್ಟಿ ಸುಮಾರು 40 ಬೈನರಿ ಅಂಕಿಗಳನ್ನು ಒಮ್ಮೆ ಕೇಳಿ ತಿರುಗಿ ಹೇಳಿದರು.

ರೂಢಿ ಅನ್ನುವುದು ಇಲ್ಲಿ ಮುಖ್ಯ. ವಿಧಾನ ಗೊತ್ತಿದ್ದರೆ ಸಾಲದು. ಅಂಕಿಗಳು ಬರುವ ವೇಗದಲ್ಲೇ ಗಂಟು ಬೀಳಬೇಕು. ಟೆಲಿಗ್ರಾಫ್ ಕಲಿಯುವವನಿಗೆ ಮೊದಲು ಕೇಳಿಸುವುದು ಬಿಡಿಬಿಡಿ ಕಟ್ಟು-ಕಡ ಸದ್ದುಗಳು. ಕೆಲವು ಕಾಲದ ಮೇಲೆ ಅಕ್ಷರಗಳು ಕೇಳಿಸುತ್ತವೆ. ಆಮೇಲೆ ಪದಗಳು, ಆಮೇಲೆ ಇಡೀ ನುಡಿಗಟ್ಟುಗಳು. ಮಿಲ್ಲರ್ ಈ ಉದಾಹರಣೆಯನ್ನೂ ಕೊಡುತ್ತಾರೆ. ಅಕ್ಷರ ಕೂಡಿಸಿ ಓದುವ ಒಂದನೇ ತರಗತಿಯ ಮಗು ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಮೊದಲನ್ನು ಮರೆತಿರುತ್ತದೆ. ಅದಕ್ಕೆ ಕಾರಣ ದಡ್ಡತನವಲ್ಲ. ಪದ ಇನ್ನೂ ಒಂದು ಗಂಟಾಗಿಲ್ಲ, ಅಕ್ಷರಗಳೇ ಜಾಗವನ್ನೆಲ್ಲ ತಿನ್ನುತ್ತಿವೆ. ಮಗುವಿನ ಮೇಲೆ ರೇಗುವ ಮೊದಲು ದೊಡ್ಡವರು ಇಷ್ಟನ್ನು ತಿಳಿದುಕೊಂಡರೆ ಎಷ್ಟೋ ಮಕ್ಕಳಿಗೆ ಓದು ಹಿಂಸೆಯಾಗುವುದು ತಪ್ಪುತ್ತದೆ. ನನಗೆ ಈ ಲೇಖನದ ಮೇಲಿರುವ ಪ್ರೀತಿಗೆ ಇದೇ ದೊಡ್ಡ ಕಾರಣ.

ಮುಂದೆ ಬಂದ ಸಂಶೋಧನೆಗಳು ಗಂಟಿನ ವಿಚಾರವನ್ನು ಗಟ್ಟಿ ಮಾಡಿದವು. 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಚೆಸ್ ಆಟಗಾರರನ್ನು ಪರೀಕ್ಷಿಸಿದರು. ನಿಜವಾದ ಆಟದ ನಡುವಿನ ಹಲಗೆಯನ್ನು ಐದು ಸೆಕೆಂಡು ತೋರಿಸಿದರೆ, ಪಳಗಿದ ಆಟಗಾರ ಕಾಯಿಗಳ ಜಾಗವನ್ನು ಹೊಸಬರಿಗಿಂತ ಎಷ್ಟೋ ಚೆನ್ನಾಗಿ ಹೇಳುತ್ತಾನೆ. ಕಾಯಿಗಳನ್ನು ಮನಬಂದಂತೆ ಇಟ್ಟರೆ ಆ ಮೇಲುಗೈ ಬಹುಮಟ್ಟಿಗೆ ಹೊರಟುಹೋಗುತ್ತದೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಇನ್ನೊಂದು ಪ್ರಯೋಗದಲ್ಲಿ ಒಬ್ಬ ವಿದ್ಯಾರ್ಥಿ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಅಭ್ಯಾಸ ಮಾಡಿ ಏಳು ಅಂಕಿಯಿಂದ 79 ಅಂಕಿಗೆ ಮುಟ್ಟಿದ. ಅವನು ದೂರದ ಓಟಗಾರ. ಅಂಕಿಗಳನ್ನು ಓಟದ ಸಮಯಗಳನ್ನಾಗಿ ಕಟ್ಟಿಕೊಳ್ಳುತ್ತಿದ್ದ. 3492 ಬಂದರೆ ಒಂದು ಮೈಲಿಗೆ 3 ನಿಮಿಷ 49.2 ಸೆಕೆಂಡು, ಆಗಿನ ವಿಶ್ವದಾಖಲೆಯ ಹತ್ತಿರ. ಅಂಕಿಯ ಬದಲು ಅಕ್ಷರ ಕೊಟ್ಟ ದಿನ ಅವನು ಮತ್ತೆ ಆರಕ್ಕೆ ಇಳಿದ. ಅಷ್ಟೆಲ್ಲ ಅಭ್ಯಾಸದಿಂದ ನೆನಪಿನ ಜಾಗ ದೊಡ್ಡದಾಗಿರಲಿಲ್ಲ, ಗಂಟು ಕಟ್ಟುವ ಕೈ ಪಳಗಿತ್ತು.

ಏಳರ ಕತೆ ಬೇರೆಯೇ ಆಯಿತು. ಗಂಟು ಕಟ್ಟಲು, ಮನಸ್ಸಿನಲ್ಲೇ ಮತ್ತೆ ಮತ್ತೆ ಹೇಳಿಕೊಳ್ಳಲು ಅವಕಾಶ ಕೊಡದೆ ಅಳೆದರೆ ನಿಲ್ಲುವುದು ನಾಲ್ಕರ ಹತ್ತಿರ ಎಂದು ನೆಲ್ಸನ್ ಕೋವನ್ 2001ರಲ್ಲಿ ವಾದಿಸಿದರು. ಇಂದು ಹೆಚ್ಚಿನ ಸಂಶೋಧಕರು ಏಳಕ್ಕಿಂತ ಇದನ್ನೇ ನೆಚ್ಚುತ್ತಾರೆ. ಮಿಲ್ಲರ್ ಕೂಡ ಏಳನ್ನು ಪವಿತ್ರ ಸಂಖ್ಯೆ ಮಾಡಿದವರಲ್ಲ. ಎರಡು ಕಡೆ ಅದೇ ಸಂಖ್ಯೆ ಕಂಡದ್ದು ಬರೀ ಕಾಕತಾಳೀಯ ಇರಬಹುದೆಂದು ಲೇಖನದ ಕೊನೆಯಲ್ಲಿ ಅವರೇ ಬರೆದಿದ್ದಾರೆ. ಹೀಗಿದ್ದೂ ಸ್ಲೈಡಿನಲ್ಲಿ ಏಳು ಸಾಲು ಮಾತ್ರ ಇರಬೇಕು, ವೆಬ್‌ಸೈಟಿನ ಮೆನುವಿನಲ್ಲಿ ಏಳು ಐಟಂ ಮಾತ್ರ ಇರಬೇಕು ಅನ್ನುವ ನಿಯಮಗಳು ಅವರ ಹೆಸರಿನಲ್ಲಿ ಓಡಾಡುತ್ತಿವೆ. ಮೆನು ಕಣ್ಣ ಮುಂದೆಯೇ ಇರುತ್ತದೆ, ಅದನ್ನು ಯಾರೂ ನೆನಪಿಡಬೇಕಾಗಿಲ್ಲ. ಅಚ್ಚಾದದ್ದನ್ನು ಓದಿ ಅರ್ಥ ಮಾಡಿಕೊಳ್ಳುವುದಕ್ಕೂ ತಮ್ಮ ಏಳಕ್ಕೂ ಸಂಬಂಧವಿಲ್ಲ ಎಂದು ಮಿಲ್ಲರ್ ಸ್ಪಷ್ಟವಾಗಿಯೇ ಹೇಳಿದ್ದರು.

ಲೇಖನ ಬಂದ ವರ್ಷದ ಸೆಪ್ಟೆಂಬರ್ 11ರಂದು ಎಂಐಟಿಯಲ್ಲಿ ಮಾಹಿತಿ ಸಿದ್ಧಾಂತದ ಮೇಲೆ ಒಂದು ವಿಚಾರ ಸಂಕಿರಣ ನಡೆಯಿತು. ಅವತ್ತು ಅಲೆನ್ ನ್ಯೂವೆಲ್ ಮತ್ತು ಹರ್ಬರ್ಟ್ ಸೈಮನ್ ತರ್ಕದ ಪ್ರಮೇಯಗಳನ್ನು ಸಾಧಿಸುವ ಕಂಪ್ಯೂಟರ್ ಪ್ರೋಗ್ರಾಂ ಬಗ್ಗೆ ಮಾತನಾಡಿದರು. ಇಪ್ಪತ್ತೇಳು ವರ್ಷದ ಭಾಷಾಶಾಸ್ತ್ರಜ್ಞ ನೋಮ್ ಚಾಮ್ಸ್ಕಿ ಭಾಷೆಯನ್ನು ವಿವರಿಸುವ ಮೂರು ಮಾದರಿಗಳ ಬಗ್ಗೆ ಹೇಳಿದರು. ಮಿಲ್ಲರ್ ನೆನಪಿನ ಬಗ್ಗೆ ಹೇಳಿದರು. ಕಂಪ್ಯೂಟರ್, ಭಾಷೆ, ಮನಸ್ಸು, ಮೂರೂ ಒಂದೇ ದೊಡ್ಡ ವಿಷಯದ ಭಾಗಗಳು ಅನ್ನುವ ಭಾವನೆ ಹೊತ್ತು ಹೊರಬಂದೆ ಎಂದು ಮಿಲ್ಲರ್ ಮುಂದೆ ಬರೆದರು. ಅರಿವಿನ ವಿಜ್ಞಾನ ಹುಟ್ಟಿದ ದಿನ ಎಂದು ಅವರು ಗುರುತು ಹಾಕಿದ್ದು ಆ ದಿನಕ್ಕೆ.

ಚಾಮ್ಸ್ಕಿ ಅವತ್ತು ಹೇಳಿದ್ದರಲ್ಲಿ ಮಿಲ್ಲರ್‌ಗೆ ನೇರವಾಗಿ ತಾಗುವ ಒಂದು ಪೆಟ್ಟಿತ್ತು. 1950ರಲ್ಲಿ ಮಿಲ್ಲರ್ ಮತ್ತು ಜೆನ್ನಿಫರ್ ಸೆಲ್ಫ್ರಿಜ್ ಒಂದು ಪ್ರಯೋಗ ಮಾಡಿದ್ದರು. ಕೆಲವು ಪದಗಳನ್ನು ಕೊಟ್ಟು ಮುಂದೆ ಯಾವ ಪದ ಬರಬಹುದೆಂದು ಒಬ್ಬರಿಂದ ಪಡೆಯುವುದು, ಅದನ್ನು ಸೇರಿಸಿ ಮತ್ತೊಬ್ಬರಿಗೆ ಕೊಡುವುದು, ಹೀಗೆ ಸರಪಳಿ ಬೆಳೆಸುವುದು. ಹಿಂದಿನ ಪದಗಳನ್ನು ಹೆಚ್ಚು ನೋಡಿ ಕಟ್ಟಿದ ಸರಪಳಿಗಳು ಭಾಷೆಗೆ ಹೆಚ್ಚು ಹತ್ತಿರ ಬರುತ್ತವೆ, ನೆನಪಿಡಲೂ ಸುಲಭವಾಗುತ್ತವೆ. ಭಾಷೆ ಎಂದರೆ ಇಂಥ ಸಂಭವನೀಯತೆಯ ಸರಪಳಿ ಇರಬಹುದು ಎಂಬ ಆಸೆ ಅವರಲ್ಲಿತ್ತು. ಚಾಮ್ಸ್ಕಿ ಹೇಳಿದ್ದು, ಸರಪಳಿ ಎಷ್ಟೇ ಉದ್ದವಾದರೂ ಅದು ವ್ಯಾಕರಣ ಆಗಲಾರದು ಎಂದು. ವಾಕ್ಯದೊಳಗೆ ವಾಕ್ಯ ಕೂರುವಾಗ ದೂರದ ಪದಗಳ ನಡುವೆಯೂ ನಂಟಿರುತ್ತದೆ, ಹಿಂದಿನ ಕೆಲವು ಪದಗಳನ್ನಷ್ಟೇ ನೋಡುವ ಸರಪಳಿಗೆ ಅದು ಸಿಗದು.

ಮಿಲ್ಲರ್ ಒಪ್ಪಿಕೊಂಡರು. ತಮಗಿಂತ ಎಂಟು ವರ್ಷ ಚಿಕ್ಕವರಾದ ಚಾಮ್ಸ್ಕಿಯ ಜೊತೆ ಕೂತು ಕೆಲಸ ಮಾಡಿದರು, ಲೇಖನಗಳನ್ನು ಬರೆದರು. 1963ರಲ್ಲಿ ಇಬ್ಬರೂ ಸೇರಿ ಮುಂದಿಟ್ಟ ವಾದ ಹೀಗಿತ್ತು: ಸರಪಳಿಯ ಮಾದರಿಯಿಂದ ಭಾಷೆ ಕಲಿಯಬೇಕಾದರೆ ಯಾವ ಪದಗಳ ನಂತರ ಯಾವುದು ಬರುವ ಸಂಭವ ಎಷ್ಟು ಎಂಬಂಥ ಸುಮಾರು 100 ಕೋಟಿ ಬಿಡಿ ಸಂಖ್ಯೆಗಳನ್ನು ಮಗು ಕಲಿಯಬೇಕು, ಬಾಲ್ಯದಲ್ಲಿ ಇರುವುದೇ 10 ಕೋಟಿ ಸೆಕೆಂಡು. ಚಾಟ್‌ಜಿಪಿಟಿಯಂಥವುಗಳ ಹಿಂದಿರುವ ಈಗಿನ ದೊಡ್ಡ ಭಾಷಾ ಮಾದರಿಗಳು ಮುಂದಿನ ಪದ ಊಹಿಸುವುದನ್ನೇ ಕಲಿಯುತ್ತವೆ, ಸಾವಿರಾರು ಕೋಟಿ ಇಂಥ ಸಂಖ್ಯೆಗಳನ್ನು ಇಟ್ಟುಕೊಳ್ಳುತ್ತವೆ. ಯಂತ್ರಕ್ಕೆ ಆ ದಾರಿ ಒದಗಿತು. ಮಗುವಿಗೆ ಸಿಗುವ ಮಾತು ಯಂತ್ರಕ್ಕೆ ಓದಿಸುವ ಬರಹದ ಒಂದು ಸಣ್ಣ ಚೂರು ಮಾತ್ರ, ಆದ್ದರಿಂದ ಮಗು ಹೇಗೆ ಕಲಿಯುತ್ತದೆ ಅನ್ನುವ ಅವರ ಪ್ರಶ್ನೆ ಹಾಗೇ ಇದೆ. ಹತ್ತು ವರ್ಷ ದುಡಿದು ಹೆಸರು ತಂದುಕೊಟ್ಟ ಸಲಕರಣೆಯನ್ನು, ಸಾಕ್ಷ್ಯ ಕಂಡ ಮೇಲೆ ಕೆಳಗಿಡುವುದು ಸುಲಭವಲ್ಲ. ಮಿಲ್ಲರ್ ಅದನ್ನು ಸದ್ದಿಲ್ಲದೆ ಮಾಡಿದರು.

1960 ಎರಡು ಕಾರಣಕ್ಕೆ ಮುಖ್ಯ. ಯೂಜೀನ್ ಗ್ಯಾಲಂಟರ್ ಮತ್ತು ಕಾರ್ಲ್ ಪ್ರಿಬ್ರಮ್ ಜೊತೆ ಬರೆದ, ಯೋಜನೆಗಳು ಮತ್ತು ನಡವಳಿಕೆ ಕುರಿತ ಪುಸ್ತಕ ಆ ವರ್ಷ ಬಂತು. ಮೊಳೆ ಹೊಡೆಯುವವನನ್ನು ನೋಡಿ: ಮೊಳೆಯ ತಲೆ ಮೇಲಿದೆಯೇ ಎಂದು ನೋಡುತ್ತಾನೆ, ಹೊಡೆಯುತ್ತಾನೆ, ಮತ್ತೆ ನೋಡುತ್ತಾನೆ, ಮಟ್ಟವಾದಾಗ ನಿಲ್ಲಿಸುತ್ತಾನೆ. ಪ್ರಚೋದನೆ ಬಂತು, ಪ್ರತಿಕ್ರಿಯೆ ಆಯಿತು ಅನ್ನುವ ಹಳೆಯ ಲೆಕ್ಕದ ಬದಲು, ಗುರಿಗೆ ಹೋಲಿಸಿ ಹೋಲಿಸಿ ನಡೆಯುವ ಇಂಥ ಸುತ್ತುಗಳಿಂದ ನಡವಳಿಕೆಯನ್ನು ವಿವರಿಸಬೇಕು ಎಂದು ಪುಸ್ತಕ ವಾದಿಸಿತು. ಅದೇ ವರ್ಷ ಮಿಲ್ಲರ್ ಮತ್ತು ಮನೋವಿಜ್ಞಾನಿ ಜೆರೋಮ್ ಬ್ರೂನರ್ ಹಾರ್ವರ್ಡ್‌ನಲ್ಲಿ ಅರಿವಿನ ಅಧ್ಯಯನ ಕೇಂದ್ರ ತೆರೆದರು. ಹೆಸರಿನಲ್ಲೇ 'ಕಾಗ್ನಿಟಿವ್' ಎಂದು ಬರೆದುಕೊಳ್ಳುವುದು ಆಗ ಧೈರ್ಯದ ಕೆಲಸ. ಮನೋವಿಜ್ಞಾನಿಗಳು, ಭಾಷಾಶಾಸ್ತ್ರಜ್ಞರು, ತತ್ವಶಾಸ್ತ್ರದವರು ಒಂದೇ ಕಡೆ ಕೂತು ವಾದ ಮಾಡಿದ್ದು ಇಲ್ಲಿ.

1969ರಲ್ಲಿ ಅಮೆರಿಕದ ಮನೋವಿಜ್ಞಾನ ಸಂಘದ ಅಧ್ಯಕ್ಷರಾಗಿ ಮಿಲ್ಲರ್ ಮಾಡಿದ ಭಾಷಣ ಇನ್ನೂ ಓದಿಸಿಕೊಳ್ಳುತ್ತದೆ. ಮನೋವಿಜ್ಞಾನವನ್ನು ತಜ್ಞರ ಕೈಯಲ್ಲಿ ಇಟ್ಟುಕೊಂಡು ಜನರನ್ನು ನಿಯಂತ್ರಿಸುವ ಸಾಧನ ಮಾಡಬೇಡಿ, ಅದನ್ನು ಜನರಿಗೇ ಕೊಟ್ಟುಬಿಡಿ ಎಂದರು. ತಮ್ಮ ಬದುಕಿನ ತೊಡಕುಗಳನ್ನು ಸಾಮಾನ್ಯ ಜನ ತಾವೇ ಬಿಡಿಸಿಕೊಳ್ಳುವಂತೆ ತಿಳಿವಳಿಕೆ ಹಂಚುವುದು ನಮ್ಮ ಕೆಲಸ ಅಂದರು. ಆ ಮಾತಿಗೆ ಅವರು ನಂತರ ಹೇಗೆ ನಡೆದುಕೊಂಡರು ಅನ್ನುವುದು ಮುಂದೆ ಕಾಣುತ್ತದೆ.

ಆಗಷ್ಟೇ ಅವರು ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯಕ್ಕೆ ಹೋಗಿದ್ದರು. ಅಲ್ಲಿಂದ ಮುಂದೆ ಅವರ ಗಮನ ಪೂರ್ತಿ ಪದಗಳ ಮೇಲೆ. ಭಾಷೆ ಬಲ್ಲವರ ತಲೆಯಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಗಂಟುಗಳು ಪದಗಳೇ ಅಲ್ವಾ? ಅವು ಬಂದದ್ದು ಎಲ್ಲಿಂದ? 1987ರಲ್ಲಿ ಪೆಟ್ರಿಷಿಯಾ ಗಿಲ್ಡಿಯಾ ಜೊತೆ ಬರೆದ ಲೇಖನದಲ್ಲಿ ಒಂದು ಲೆಕ್ಕವಿದೆ. ಹದಿನೇಳರ ವಯಸ್ಸಿಗೆ ಒಬ್ಬ ಹುಡುಗ ಅಥವಾ ಹುಡುಗಿಗೆ ಸುಮಾರು 80,000 ಪದ ಗೊತ್ತಿರುತ್ತವೆ ಅಂದುಕೊಂಡರೆ, ದಿನಕ್ಕೆ 13 ಹೊಸ ಪದ ಕಲಿತ ಹಾಗಾಯಿತು. ಶಾಲೆಯಲ್ಲಿ ಯಾರೂ ದಿನಕ್ಕೆ ಅಷ್ಟು ಕಲಿಸುವುದಿಲ್ಲ. ಮಕ್ಕಳು ಮಾತು ಕೇಳುತ್ತಾ, ಓದುತ್ತಾ, ಸಂದರ್ಭದಿಂದ ಹೆಕ್ಕಿಕೊಳ್ಳುತ್ತಾರೆ.

ನಿಘಂಟು ನೋಡಿ ಪದ ಕಲಿಯಿರಿ ಎಂದು ಹತ್ತು ಹನ್ನೊಂದು ವರ್ಷದ ಮಕ್ಕಳಿಗೆ ಹೇಳಿದಾಗ ಏನಾಗುತ್ತದೆ ಎಂದೂ ಅವರು ನೋಡಿದರು. ನೀರು ಮಣ್ಣನ್ನು ಕೊರೆಯುವುದಕ್ಕೆ ಬಳಸುವ 'ಇರೋಡ್' ಎಂಬ ಪದಕ್ಕೆ ನಿಘಂಟಿನಲ್ಲಿದ್ದ ವಿವರಣೆಯ ಪದಗಳು 'ಈಟ್ ಔಟ್'. ಒಂದು ಮಗುವಿನ ಮನೆಯವರು ಆಗಾಗ ಹೋಟೆಲಿನಲ್ಲಿ ಊಟ ಮಾಡುತ್ತಿದ್ದರು, ಅದಕ್ಕೂ ಇಂಗ್ಲಿಷಿನಲ್ಲಿ 'ಈಟ್ ಔಟ್' ಅನ್ನುತ್ತಾರೆ. ಮಗು ಬರೆಯಿತು: ನಮ್ಮ ಕುಟುಂಬ ತುಂಬಾ ಇರೋಡ್ ಆಗುತ್ತದೆ. ಮಗು ಹಾಕಿದ ತರ್ಕ ಸರಿಯಾಗಿಯೇ ಇದೆ. ನಿಘಂಟಿನ ಸಾಲಿನಲ್ಲಿ ಬಳಕೆಯ ಸಂದರ್ಭ ಇರಲಿಲ್ಲ, ಅಷ್ಟೇ.

1979ರಲ್ಲಿ ಪ್ರಿನ್ಸ್‌ಟನ್‌ಗೆ ಬಂದ ಮಿಲ್ಲರ್ 1985ರಲ್ಲಿ ಶುರುಮಾಡಿದ್ದು ವರ್ಡ್‌ನೆಟ್. ಇದು ಕಂಪ್ಯೂಟರಿನಲ್ಲಿ ಇರುವ ಬೇರೆ ಥರದ ನಿಘಂಟು. ಸಾಮಾನ್ಯ ನಿಘಂಟಿನಲ್ಲಿ ಪದಗಳು ಅಕಾರಾದಿಯಾಗಿ ಇರುತ್ತವೆ. ವರ್ಡ್‌ನೆಟ್‌ನಲ್ಲಿ ಇರುವುದು ಅರ್ಥಗಳು. ಒಂದೇ ಅರ್ಥದ ಪದಗಳೆಲ್ಲ ಒಂದು ಗುಂಪು. ಒಂದೇ ಪದಕ್ಕೆ ನಾಲ್ಕು ಅರ್ಥವಿದ್ದರೆ ಅದು ನಾಲ್ಕು ಗುಂಪುಗಳಲ್ಲಿ ಇರುತ್ತದೆ. ನಮ್ಮ 'ಕಾಲು' ಪದವನ್ನೇ ತೆಗೆದುಕೊಂಡರೆ, ದೇಹದ ಭಾಗವಾಗಿ ಒಂದು ಕಡೆ, ನಾಲ್ಕನೇ ಒಂದು ಪಾಲಾಗಿ ಇನ್ನೊಂದು ಕಡೆ. ಗುಂಪುಗಳ ನಡುವೆ ಕೊಂಡಿಗಳಿವೆ. ಹಸು ಒಂದು ಸಸ್ತನಿ, ಸಸ್ತನಿ ಒಂದು ಪ್ರಾಣಿ. ಬಾಲ ಹಸುವಿನ ಭಾಗ. ಬಿಸಿ ಮತ್ತು ತಣ್ಣಗೆ ವಿರುದ್ಧ. ಮನುಷ್ಯನ ತಲೆಯಲ್ಲಿ ಪದಗಳು ಹೀಗೆ ಅಡಕವಾಗಿರಬಹುದೇ ಎಂದು ಪರೀಕ್ಷಿಸುವುದು ಮೂಲ ಉದ್ದೇಶ. ಪತ್ನಿ ಕ್ಯಾಥರೀನ್ ಮಿಲ್ಲರ್ ಮತ್ತು ಭಾಷಾಶಾಸ್ತ್ರಜ್ಞೆ ಕ್ರಿಸ್ಟಿಯಾನೆ ಫೆಲ್ಬಾಮ್ ಸೇರಿ ಒಂದು ಸಣ್ಣ ತಂಡ ಕೈಯಾರೆ ಇದನ್ನು ಕಟ್ಟಿತು. ಈಗ ಅದರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳು, 1,17,000ಕ್ಕೂ ಹೆಚ್ಚು ಅರ್ಥಗಳ ಗುಂಪುಗಳಿವೆ.

ಮನಸ್ಸಿನ ಮಾದರಿಯಾಗಿ ಇದಕ್ಕೆ ಒಂದು ದೊಡ್ಡ ಕೊರತೆ ಇದೆ. ಅದಕ್ಕೆ 'ಟೆನಿಸ್ ಸಮಸ್ಯೆ' ಎಂದೇ ಹೆಸರು. ರಾಕೆಟ್, ಚೆಂಡು, ನೆಟ್ ಮೂರೂ ನಮ್ಮ ನೆನಪಿನಲ್ಲಿ ಒಟ್ಟಿಗೆ ಬರುತ್ತವೆ. ವರ್ಡ್‌ನೆಟ್‌ನಲ್ಲಿ ಅವು ದೂರ ದೂರದ ಕೊಂಬೆಗಳಲ್ಲಿ ಕೂತಿವೆ, ಏಕೆಂದರೆ ಅವುಗಳನ್ನು ಕಟ್ಟಿರುವುದು ಜಾತಿಯ ಸಂಬಂಧವಲ್ಲ, ಒಂದೇ ಆಟದಲ್ಲಿ ಜೊತೆಗಿರುವ ಸಂಬಂಧ.

ಸಲಕರಣೆಯಾಗಿ ಮಾತ್ರ ಅದು ಮಿಲ್ಲರ್ ನಿರೀಕ್ಷಿಸಿದ್ದಕ್ಕಿಂತ ಎಷ್ಟೋ ದೂರ ಹೋಯಿತು. ಅವರ ತಂಡ ಅದನ್ನು ಯಾರು ಬೇಕಾದರೂ ಉಚಿತವಾಗಿ ಬಳಸುವಂತೆ ಬಿಟ್ಟುಕೊಟ್ಟಿತ್ತು. 1969ರಲ್ಲಿ ಆಡಿದ ಮಾತು ಇಲ್ಲಿ ಕೆಲಸವಾಯಿತು. ಯುರೋಪಿನ ಭಾಷೆಗಳಿಗೆ ವರ್ಡ್‌ನೆಟ್‌ಗಳು ಬಂದವು. ಮುಂಬೈ ಐಐಟಿಯಲ್ಲಿ ಪುಷ್ಪಕ್ ಭಟ್ಟಾಚಾರ್ಯ ಅವರ ನೇತೃತ್ವದಲ್ಲಿ ಹಿಂದಿಯದು ಬಂತು. ಅದರ ಅರ್ಥಗುಂಪುಗಳಿಗೆ ಉಳಿದ ಭಾರತೀಯ ಭಾಷೆಗಳನ್ನು ಜೋಡಿಸುತ್ತಾ ಇಂಡೋ ವರ್ಡ್‌ನೆಟ್ ಬೆಳೆಯಿತು. ಕನ್ನಡವೂ ಅದರಲ್ಲಿ ಇದೆ.

1991ರಲ್ಲಿ ಮಿಲ್ಲರ್‌ಗೆ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪದಕ ಸಿಕ್ಕಿತು. 2012ರ ಜುಲೈ 22ರಂದು, 92ರ ವಯಸ್ಸಿನಲ್ಲಿ ನ್ಯೂಜೆರ್ಸಿಯಲ್ಲಿ ತೀರಿಕೊಂಡರು. ಕೆಲವೇ ತಿಂಗಳಲ್ಲಿ, ಟೊರಾಂಟೊದ ಮೂವರು ಸಂಶೋಧಕರ ನರಜಾಲ ಪ್ರೋಗ್ರಾಂ (ಮಿದುಳಿನ ನರಕೋಶಗಳ ಜೋಡಣೆಯಿಂದ ಪ್ರೇರಣೆ ಪಡೆದದ್ದು) ಚಿತ್ರ ಗುರುತಿಸುವ ಸ್ಪರ್ಧೆಯೊಂದರಲ್ಲಿ ಉಳಿದವರನ್ನೆಲ್ಲ ಬಹಳ ಹಿಂದೆ ಹಾಕಿತು. ಈಗಿನ ಕೃತಕ ಬುದ್ಧಿಮತ್ತೆಯ ಅಲೆ ಎದ್ದದ್ದು ಆ ಗೆಲುವಿನಿಂದ ಎಂದು ಹಲವರು ಹೇಳುತ್ತಾರೆ. ಸ್ಪರ್ಧೆ ನಡೆದದ್ದು ಇಮೇಜ್‌ನೆಟ್ ಎಂಬ ಸಂಗ್ರಹದ ಒಂದು ಭಾಗದ ಮೇಲೆ, ಇಡೀ ಸಂಗ್ರಹದಲ್ಲಿ 1.4 ಕೋಟಿ ಚಿತ್ರಗಳಿವೆ. ಕಂಪ್ಯೂಟರ್ ವಿಜ್ಞಾನಿ ಫೇಫೇ ಲಿ ಮತ್ತು ಸಂಗಡಿಗರು 2009ರಲ್ಲಿ ಅದನ್ನು ಪ್ರಕಟಿಸುವಾಗ ಚಿತ್ರಗಳನ್ನು ವಿಂಗಡಿಸಲು ಬಳಸಿದ ಪಟ್ಟಿ ವರ್ಡ್‌ನೆಟ್‌ನ ನಾಮಪದಗಳದ್ದು.

ಆ ಪಟ್ಟಿಯ ಜೊತೆ ಒಂದು ತೊಂದರೆಯೂ ಬಂತು. ವರ್ಡ್‌ನೆಟ್ ನಿಘಂಟಾದ್ದರಿಂದ ಅದರಲ್ಲಿ ಬೈಗುಳಗಳೂ ಇವೆ, 'ದಾನಿ', 'ಸಾಲಗಾರ' ಥರದ ಮಾತುಗಳೂ ಇವೆ. ಇವುಗಳಿಗೆಲ್ಲ ಮನುಷ್ಯರ ಫೋಟೊ ಅಂಟಿಸಲಾಗಿತ್ತು. 2019ರಲ್ಲಿ ಇಮೇಜ್‌ನೆಟ್ ತಂಡವೇ ಮನುಷ್ಯರಿಗೆ ಸಂಬಂಧಿಸಿದ 2,832 ವಿಭಾಗಗಳನ್ನು ಪರಿಶೀಲಿಸಿ, 1,593 ಬಳಕೆಗೆ ಯೋಗ್ಯವಲ್ಲ ಎಂದು ಗುರುತಿಸಿತು. ಸುಮಾರು 6 ಲಕ್ಷ ಚಿತ್ರಗಳನ್ನು ತೆಗೆಯಲು ನಿರ್ಧರಿಸಿತು. ಉಳಿದವುಗಳಲ್ಲೂ ಫೋಟೊ ನೋಡಿದ ಮಾತ್ರಕ್ಕೆ ಹೇಳಲಾಗದ ವಿಭಾಗಗಳೇ ಹೆಚ್ಚು ಎಂದು ಅವರ ವರದಿ ಹೇಳುತ್ತದೆ. ಒಬ್ಬರ ಮುಖ ನೋಡಿ ಅವರು ಸಾಲಗಾರರೋ ಅಲ್ಲವೋ ಎಂದು ಹೇಳಲು ಯಂತ್ರಕ್ಕಾಗಲಿ ಮನುಷ್ಯರಿಗಾಗಲಿ ಆಗುವುದಿಲ್ಲ.